ಕಾರಿನೊಳಗೆ ಮಳೆ, ಬಾಗಿಲಿಗೆ ತೆಂಗಿನೆಣ್ಣೆ!

ನಾಪೋಕ್ಲು: ಹೊರಗೆ ಮಳೆ ಸುರಿದರೆ ಕೊಡೆ ಹಿಡಿಯಬಹುದು. ಗೊರಬೆ ಹಾಕಿಕೊಂಡು ಗದ್ದೆಗೂ ಇಳಿಯಬಹುದು. ಕಾರಿನೊಳಗೇ ಮಳೆ ಬಂದರೆ ಏನು ಹಿಡಿಯುವುದು?

ಜೂನ್ ತಿಂಗಳು ಅರ್ಧ ಕಳೆಯಿತೆಂದರೆ ಈ ಪ್ರಶ್ನೆ ನಾಪೋಕ್ಲು ಸುತ್ತಮುತ್ತ ಕಾರು, ಜೀಪು ಇಟ್ಟುಕೊಂಡವರನ್ನು ಕಾಡತೊಡಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡುವಲ್ಲಿ ನೀರು. ಮ್ಯಾಟ್ ಎತ್ತಿದರೆ ಪಚಪಚ. ಸೀಟಿನ ಮೇಲೆ ಬೂಷ್ಟು. ವಾರ ಕಳೆದರೆ ಒಳಗೆಲ್ಲ ಮುಗ್ಗಲು ವಾಸನೆ. ಮಗುವನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟವರಿಗೂ ಅದೇ ಗತಿ, ಸೀರೆ ಉಟ್ಟು ಮದುವೆಗೆ ಹೊರಟವರಿಗೂ ಅದೇ ಗತಿ.

ತಪ್ಪು ಮಳೆಯದಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಕಾವೇರಿ ಉಕ್ಕಿ ಚೆರಿಯಪರಂಬು ರಸ್ತೆಯ ಮೇಲೆ ಹರಿಯುವುದು ಇಲ್ಲಿನವರಿಗೆ ಹೊಸ ಸುದ್ದಿಯೇನಲ್ಲ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಗಾಡಿಯ ಒಳಗನ್ನು ಹೊರಗಿನಿಂದ ಬೇರೆ ಮಾಡಿ ಇಟ್ಟಿರುವುದು ಬೆರಳಗಲದ ಒಂದು ರಬ್ಬರು. ಕಂಪನಿಯವರು ಅದಕ್ಕೆ ಏನೇನೋ ಹೆಸರಿಟ್ಟಿರಬಹುದು. ನಮ್ಮ ಗ್ಯಾರೇಜುಗಳಲ್ಲಿ ಅದು ‘ಬೀಡಿಂಗ್’.

ಈ ಬೀಡಿಂಗ್ ಒಣಗುತ್ತದೆ, ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ, ಕೊನೆಗೆ ಬಿರಿಯುತ್ತದೆ. ಆಗ ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ. ಇದಕ್ಕೆ ಮದ್ದೇನು ಎಂದು ಕೇಳಿದರೆ ಹತ್ತು ಜನ ಹತ್ತು ಡಬ್ಬ ತೋರಿಸುತ್ತಾರೆ. ಒಬ್ಬರು ತೆಂಗಿನೆಣ್ಣೆ ಅಂತಾರೆ. ಇನ್ನೊಬ್ಬರು ಗ್ರೀಸು ಅಂತಾರೆ. ಮತ್ತೊಬ್ಬರು ಇಂಜಿನ್ನಿಂದ ತೆಗೆದ ಹಳೇ ಆಯಿಲನ್ನೇ ಬಟ್ಟೆಯಲ್ಲಿ ಅದ್ದಿ ಉಜ್ಜುತ್ತಾರೆ. “ಎಂಥದಾದ್ರೂ ಒಂದು ಎಣ್ಣೆ ಹಾಕಿ ಮಾರಾಯ್ರೇ, ಬಾಗಿಲು ಕುಂಯ್ ಅನ್ನೋದು ನಿಂತರೆ ಆಯ್ತು” ಎನ್ನುವುದೇ ಕೊನೆಯ ತೀರ್ಮಾನ.

ತೊಂದರೆ ಇರುವುದು ಈ ‘ಎಂಥದಾದ್ರೂ’ ಎಂಬ ಮಾತಿನಲ್ಲೇ.

ರಬ್ಬರೆಂದರೆ ಒಂದೇ ಅಲ್ಲ

ರಬ್ಬರು ಕೊಡಗಿನವರಿಗೆ ಅಪರಿಚಿತ ವಸ್ತುವಲ್ಲ. ಸಂಪಾಜೆ, ಪೆರಾಜೆ, ಚೆಂಬು, ಕರಿಕೆ ಕಡೆ ಹೋದವರು ಮರಕ್ಕೆ ಚಿಪ್ಪು ಕಟ್ಟಿ ಹಾಲು ಇಳಿಸುವುದನ್ನು ಕಂಡೇ ಇರುತ್ತಾರೆ. ಆ ಹಾಲಿನಿಂದ ಮಾಡಿದ್ದು ಸಹಜ ರಬ್ಬರು. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕೊರಡು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಮುಟ್ಟಾಗಿ ನಿಲ್ಲುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಟೈರು, ಟ್ಯೂಬು, ಬೀಡಿಂಗ್ ಎಲ್ಲವೂ ಆ ಮೇಲಿನ ಕಥೆ.

ಆದರೆ ಇಂದಿನ ಕಾರಿನಲ್ಲಿ ಮರದ ಹಾಲಿನ ರಬ್ಬರೊಂದೇ ಇಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ರಬ್ಬರುಗಳು ನಾಲ್ಕಾರು ಜಾತಿ ಇವೆ. ಬಾಗಿಲು, ಡಿಕ್ಕಿ, ಗಾಜಿನ ಸುತ್ತ ಇರುವುದು ಹೆಚ್ಚಾಗಿ ಇಪಿಡಿಎಂ ಎಂಬ ಜಾತಿ. 1960ರ ದಶಕದಲ್ಲಿ ಪೇಟೆಗೆ ಬಂದ ಇದು ಬಿಸಿಲು, ಮಳೆ, ಗಾಳಿಗೆ ಸಹಜ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ಇಂಜಿನ್ ಆಯಿಲು ಸೋರದಂತೆ ಹಿಡಿಯುವ ಆಯಿಲ್ ಸೀಲು ಸಾಮಾನ್ಯವಾಗಿ ನೈಟ್ರೈಲ್ ಜಾತಿಯದು. ಅದು ಎಣ್ಣೆಯಲ್ಲಿ ಮುಳುಗಿಯೇ ಬದುಕುತ್ತದೆ. ಚಕ್ರದ ಕಡೆಯ ಆಕ್ಸಲ್ ಬೂಟುಗಳಲ್ಲಿ ನಿಯೋಪ್ರೀನ್ ಎಂಬ ಇನ್ನೊಂದು ಜಾತಿ ಇರುತ್ತದೆ. ಹಳೆಯ ಜೀಪು, ಅಂಬಾಸಿಡರ್, ಫಿಯೆಟ್‌ಗಳನ್ನು ಇನ್ನೂ ಪ್ರೀತಿಯಿಂದ ಸಾಕಿಕೊಂಡವರ ಗಾಡಿಗಳಲ್ಲಿ ಸಹಜ ರಬ್ಬರಿನ ಭಾಗಗಳೂ ಸಿಗುತ್ತವೆ.

ಎಲ್ಲವೂ ಕಪ್ಪು. ಮುಟ್ಟಿದರೆ ಎಲ್ಲವೂ ಒಂದೇ ಥರ. ಒಬ್ಬನಿಗೆ ಆಹಾರವಾದದ್ದು ಇನ್ನೊಬ್ಬನಿಗೆ ವಿಷ ಎಂಬುದು ಮಾತ್ರ ನೋಡಿದರೆ ತಿಳಿಯುವುದಿಲ್ಲ.

ಎಣ್ಣೆ ಕುಡಿಯುವ ರಬ್ಬರು

ಸಂಶಯ ಇದ್ದವರು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೈಕಲ್ಲಿನ ಹಳೇ ಟ್ಯೂಬಿನಿಂದ ಒಂದೇ ಅಳತೆಯ ಎರಡು ತುಂಡು ಕತ್ತರಿಸಿ. ಒಂದನ್ನು ನೀರಿನ ಲೋಟಕ್ಕೆ, ಇನ್ನೊಂದನ್ನು ಸೀಮೆಎಣ್ಣೆಯೋ ಡೀಸೆಲ್ಲೋ ಇರುವ ಲೋಟಕ್ಕೆ ಹಾಕಿ, ಒಲೆಯಿಂದ ದೂರವಿಟ್ಟು ಮಲಗಿ. ಬೆಳಿಗ್ಗೆ ಎರಡನ್ನೂ ತೆಗೆದು ಅಕ್ಕಪಕ್ಕ ಇಡಿ. ನೀರಿನದು ಹಾಕಿದ ಹಾಗೇ ಇರುತ್ತದೆ. ಎಣ್ಣೆಯದು ಉಬ್ಬಿ, ಉದ್ದವಾಗಿ, ಮೆತ್ತಗಾಗಿರುತ್ತದೆ. ಎಳೆದರೆ ಬೇಗ ಹರಿಯುತ್ತದೆ.

ಕಾರಣ ಸರಳ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸು ಇವೆಲ್ಲ ನೆಲದಡಿಯ ಕಚ್ಚಾ ತೈಲದ ಮಕ್ಕಳು. ಸಹಜ ರಬ್ಬರಾಗಲಿ, ಇಪಿಡಿಎಂ ಆಗಲಿ ಗುಣದಲ್ಲಿ ಈ ಎಣ್ಣೆಗಳಿಗೆ ಹತ್ತಿರದ ನೆಂಟರು. ನೆಂಟನನ್ನು ಕಂಡ ರಬ್ಬರು ಬಾಗಿಲು ತೆರೆಯುತ್ತದೆ. ಎಣ್ಣೆ ಒಳಹೊಕ್ಕು ಎಳೆಗಳ ನಡುವೆ ಕೂರುತ್ತದೆ. ಗಂಧಕದ ಕಟ್ಟು ಇರುವುದರಿಂದ ರಬ್ಬರು ಕರಗಿ ಹೋಗುವುದಿಲ್ಲ, ಆದರೆ ಉಬ್ಬುತ್ತದೆ. ಉಬ್ಬಿದ ಬೀಡಿಂಗ್ ತನ್ನ ಗಾಡಿಯಲ್ಲಿ ನಿಲ್ಲದೆ ಅಲೆಅಲೆಯಾಗಿ ಎದ್ದು ಬರುತ್ತದೆ. ಬಾಗಿಲು ಸರಿಯಾಗಿ ಕೂರುವುದಿಲ್ಲ. ಧಡಾರನೆ ಬಡಿಯಬೇಕಾಗುತ್ತದೆ.

ಇದರಲ್ಲಿ ಮೋಸ ಹೋಗುವ ಜಾಗ ಒಂದಿದೆ. ಹಳೇ ಆಯಿಲು ಹಚ್ಚಿದ ದಿನ ರಬ್ಬರು ಹೊಸದರಂತೆ ಕಪ್ಪಗೆ ಹೊಳೆಯುತ್ತದೆ. ಮೆತ್ತಗೂ ಆಗುತ್ತದೆ. ಕುಂಯ್‌ಗುಟ್ಟುವುದು ನಿಲ್ಲುತ್ತದೆ. “ನೋಡಿ, ಸರಿಯಾಯ್ತು” ಎಂದು ಹಚ್ಚಿದವರಿಗೆ ಸಮಾಧಾನ. ಆ ಮೆತ್ತಗಾಗುವಿಕೆ ಗುಣವಾದ ಲಕ್ಷಣವಲ್ಲ, ಕೆಡುತ್ತಿರುವ ಲಕ್ಷಣ. ಮುಂದಿನ ಮಳೆಗಾಲಕ್ಕೆ ಅದೇ ಬೀಡಿಂಗ್ ಬದಲಿಸಬೇಕಾಗಿ ಬಂದಾಗ “ಈಗಿನ ಕಂಪನಿ ಸಾಮಾನೇ ಹೀಗೆ” ಎಂದು ಕಂಪನಿಯನ್ನು ಬೈಯುವುದು ನಡೆದೇ ಇದೆ.

ತುಕ್ಕು ಬಿಡಿಸಲೆಂದು ಎಲ್ಲ ಗ್ಯಾರೇಜಿನಲ್ಲೂ ಇರುವ ಸ್ಪ್ರೇ ಡಬ್ಬದ ಪಾಡೂ ಇಷ್ಟೆ. ಅದು ಬೋಲ್ಟು, ನಟ್ಟು, ಹಿಂಜಿಗೆ ಒಳ್ಳೆಯದು. ಅದರೊಳಗೂ ತೈಲದ ಅಂಶವೇ ಹೆಚ್ಚು, ರಬ್ಬರಿಗೆ ಬೇಡ. ಗ್ರೀಸು ಕೂಡ ಬಾಗಿಲಿನ ಹಿಂಜಿಗೆ, ಲಾಕಿಗೆ ಸರಿ; ಬೀಡಿಂಗಿಗೆ ಅಲ್ಲ. ಮೈಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ ಬಿಳಿಯಾಗಿ ನಿರಪಾಯಕಾರಿಯಂತೆ ಕಂಡರೂ ಹೆಸರಿನಲ್ಲೇ ಅದರ ಕುಲ ಹೇಳುತ್ತದೆ.

ತೆಂಗಿನೆಣ್ಣೆಯ ಪಾಡು

ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇರುವುದರಿಂದ ಅದರ ಪರ ಮಾತಾಡುವವರು ಜಾಸ್ತಿ. ಅದು ಕಚ್ಚಾ ತೈಲದ ಮಗುವಲ್ಲ, ಸರಿ. ಸೀಮೆಎಣ್ಣೆಯಷ್ಟು ಬೇಗ ರಬ್ಬರನ್ನು ಕೆಡಿಸುವುದೂ ಇಲ್ಲ, ಸರಿ. ಆದರೂ ಬೀಡಿಂಗಿಗೆ ಅದು ತಕ್ಕದ್ದಲ್ಲ.

ಮೊದಲನೆಯದು ಚಳಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ನಾಪೋಕ್ಲಿನಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡಬೇಕಾದ ಸ್ಥಿತಿ ಇರುವಾಗ ಬಾಗಿಲಿನ ಸಂದಿಯಲ್ಲಿ ಹಚ್ಚಿದ ಎಣ್ಣೆಯ ಗತಿ ಏನು? ಜಾರಬೇಕಾದದ್ದು ಮೇಣವಾಗಿ ಕೂರುತ್ತದೆ.

ಎರಡನೆಯದು ಅಂಟು. ಅಡುಗೆ ಎಣ್ಣೆ ಯಾವುದೇ ಇರಲಿ, ಗಾಳಿಗೆ ಬಿಟ್ಟರೆ ಕಾಲಕ್ರಮದಲ್ಲಿ ಕನರುತ್ತದೆ, ಹಲವು ಜಿಗುಟಾಗುತ್ತವೆ. ಮಣ್ಣುರಸ್ತೆಯ ಧೂಳು ಬಂದು ಅಲ್ಲಿ ಕೂರುತ್ತದೆ. ಎಣ್ಣೆ ಮತ್ತು ಧೂಳು ಸೇರಿದರೆ ಉಪ್ಪುಕಾಗದದ ಕೆಲಸ. ಬಾಗಿಲು ಹಾಕಿ ತೆಗೆದಷ್ಟೂ ರಬ್ಬರು ಸವೆಯುತ್ತದೆ.

ಮೂರನೆಯದನ್ನು ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಹೇಳಬೇಕಾಗಿಲ್ಲ: ಇಲಿ. ಮೊದಲೇ ವಯರು ಕಡಿಯುವ ಜಾತಿ. ಅದಕ್ಕೆ ಕೊಬ್ಬರಿಯ ವಾಸನೆ ಹಿಡಿಸಿ ಕರೆಯಬೇಕೇ?

ಔಷಧಿ ಅಂಗಡಿಯ ಬಾಟಲಿ

ಹಾಗಾದರೆ ಯಾವುದು ಆಗಬಹುದು?

ಔಷಧಿ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಒಂದು. ಇದು ಬೀಡಿಂಗಿನ ರಬ್ಬರಿಗೆ ಅಪಾಯ ಮಾಡುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಬಾಗಿಲಿನ ರಬ್ಬರು ಹೆಪ್ಪುಗಟ್ಟಿ ಲೋಹಕ್ಕೆ ಅಂಟದಿರಲೆಂದು ಅಲ್ಲಿನವರು ಹಿಂದಿನಿಂದಲೂ ಇದನ್ನು ಬಳಸುತ್ತ ಬಂದಿದ್ದಾರೆ. ಆದರೆ ಗ್ಲಿಸರಿನ್ ನೀರಿನಲ್ಲಿ ಕರಗುತ್ತದೆ. ಕಕ್ಕಡ ತಿಂಗಳ ಒಂದು ರಾತ್ರಿಯ ಮಳೆ ಸಾಕು, ಹಚ್ಚಿದ್ದೆಲ್ಲ ತೊಳೆದು ಹೋಗಲು. ಬೇಸಿಗೆಯಲ್ಲಿ ಬಾಗಿಲು ಕಿರುಗುಟ್ಟುವವರಿಗೆ ಅಗ್ಗದ ಉಪಾಯ, ಮಳೆಗಾಲಕ್ಕೆ ಲೆಕ್ಕಕ್ಕಿಲ್ಲ.

ಟಾಲ್ಕಂ ಪೌಡರು ಇನ್ನೊಂದು. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಪುಡಿ ಸವರಿ ಟೈರಿನೊಳಗೆ ಕೂರಿಸುವುದನ್ನು ನೋಡಿದವರಿಗೆ ಇದರ ಮರ್ಮ ತಿಳಿದೀತು. ರಬ್ಬರು ಅಂಟದಂತೆ, ಉಜ್ಜಿಕೊಳ್ಳದಂತೆ ಅದು ತಡೆಯುತ್ತದೆ. ಒಣ ಕಾಲದಲ್ಲಿ ಕೆಲಸ ಮಾಡುತ್ತದೆ, ಒದ್ದೆಯಾದರೆ ಗಾರೆ.

ಇವೆರಡನ್ನೂ ದಾಟಿ ಮಳೆನಾಡಿಗೆ ಒಗ್ಗುವುದು ಸಿಲಿಕೋನ್. ಇದು ಮರಳಿನ ಮೂಲವಸ್ತುವಾದ ಸಿಲಿಕಾನ್‌ನಿಂದ ಹುಟ್ಟಿದ ಎಣ್ಣೆ. ಬೀಡಿಂಗಿನ ರಬ್ಬರಿಗೆ ಇದು ನೆಂಟನೂ ಅಲ್ಲ, ಶತ್ರುವೂ ಅಲ್ಲ. ಒಳಹೊಕ್ಕು ಉಬ್ಬಿಸುವುದಿಲ್ಲ, ಮೇಲೆ ತೆಳುವಾಗಿ ಕೂತು ಜಾರಿಸುತ್ತದೆ. ನೀರಿಗೆ ಕರಗುವುದಿಲ್ಲ. ಚಳಿಗೆ ಗಟ್ಟಿಯಾಗುವುದಿಲ್ಲ, ಬಿಸಿಲಿಗೆ ಹರಿದು ಹೋಗುವುದಿಲ್ಲ. ಗ್ರೀಸಿನ ರೂಪದಲ್ಲೂ ಸಿಗುತ್ತದೆ, ಸ್ಪ್ರೇ ಡಬ್ಬದಲ್ಲೂ ಸಿಗುತ್ತದೆ.

ಎರಡರಲ್ಲಿ ಬೀಡಿಂಗಿಗೆ ಗ್ರೀಸೇ ವಾಸಿ. ಹೆಚ್ಚು ಕಾಲ ನಿಲ್ಲುತ್ತದೆ. ಬೇಕಾದಲ್ಲಿ ಮಾತ್ರ ಹಚ್ಚಬಹುದು. ಗಾಜು ಏರಿಳಿಯುವ ಚಾನಲ್ಲಿನಂಥ ಬೆರಳು ಹೋಗದ ಜಾಗಕ್ಕೆ ಸ್ಪ್ರೇ ಅನುಕೂಲ. ಆದರೆ ಸ್ಪ್ರೇ ಕೊಳ್ಳುವಾಗ ಡಬ್ಬ ತಿರುಗಿಸಿ ನೋಡಬೇಕು. ಕೆಲವು ಡಬ್ಬಗಳಲ್ಲಿ ಸಿಲಿಕೋನ್ ಸ್ವಲ್ಪ, ಅದನ್ನು ತೆಳು ಮಾಡಲು ಹಾಕಿದ ಪೆಟ್ರೋಲಿಯಂ ದ್ರಾವಕ ಬಹಳ. ‘ರಬ್ಬರಿಗೆ ಸುರಕ್ಷಿತ’ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಕೇಳಿ ಪಡೆಯುವುದು ಲೇಸು. ಬರಿದೆ ‘ಸಿಲಿಕೋನ್’ ಎಂಬ ದಪ್ಪಕ್ಷರ ನೋಡಿ ಕಾಸು ಕೊಟ್ಟರೆ ಸೀಮೆಎಣ್ಣೆಯ ಅಣ್ಣತಮ್ಮಂದಿರೇ ಮನೆಗೆ ಬಂದಾರು.

ಸಿಲಿಕೋನಿಗೂ ದೋಷವಿಲ್ಲದಿಲ್ಲ. ಮುಂದಿನ ಗಾಜಿನ ಮೇಲೆ ಬಿದ್ದರೆ ವೈಪರ್ ಓಡಿದಂತೆಲ್ಲ ಮಸುಕು ಹರಡುತ್ತದೆ. ರಾತ್ರಿ ಮಳೆಯಲ್ಲಿ ಎದುರಿನ ಲೈಟು ಬಿದ್ದಾಗ ದಾರಿಯೇ ಕಾಣದು. ಬ್ರೇಕಿನ ಡಿಸ್ಕು, ಪೆಡಲ್ಲು, ಸ್ಟೇರಿಂಗ್ ಇವಕ್ಕೆ ಸೋಕಬಾರದು. ಪೇಂಟ್ ಮಾಡಿಸಲಿರುವ ಗಾಡಿಗೆ ಸ್ಪ್ರೇ ಹೊಡೆದರೆ ಬಣ್ಣ ಹಿಡಿಯದೆ ಮೀನಿನ ಕಣ್ಣಿನಂಥ ಕುಳಿಗಳು ಬೀಳುತ್ತವೆ; ಪೇಂಟರು ಶಾಪ ಹಾಕುತ್ತಾರೆ. ಸಿಲಿಕೋನ್ ರಬ್ಬರಿನಿಂದಲೇ ಮಾಡಿದ ಭಾಗಗಳಿಗೆ ಸಿಲಿಕೋನ್ ಎಣ್ಣೆ ಹಚ್ಚಬಾರದು, ಅಲ್ಲಿ ಅದೇ ನೆಂಟಸ್ತಿಕೆಯ ತೊಂದರೆ. ಬಾಗಿಲಿನ ಬೀಡಿಂಗಿನಲ್ಲಿ ಆ ಜಾತಿ ಅಪರೂಪ.

ಹಚ್ಚುವ ಕ್ರಮ

ಮನುಷ್ಯನ ಮೈಗೆ ಕಕ್ಕಡ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಇದೆ. ಗಾಡಿಯ ಮೈಗೆ ಮದ್ದು ಮೇ ತಿಂಗಳಲ್ಲೇ ಆಗಬೇಕು. ಮಳೆ ಹಿಡಿದ ಮೇಲೆ ರಬ್ಬರು ಒಣಗುವುದೇ ಇಲ್ಲ. ಒದ್ದೆಯ ಮೇಲೆ ಹಚ್ಚಿದ್ದು ನಿಲ್ಲುವುದೂ ಇಲ್ಲ.

ಮೊದಲು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಬೀಡಿಂಗಿನ ಮಡಿಕೆ ಮಡಿಕೆಯನ್ನೂ ಒರೆಸಬೇಕು. ಗಾಜಿನ ಚಾನಲ್ಲಿನಲ್ಲಿ ಬೆಳೆದ ಪಾಚಿ, ಸಿಕ್ಕಿಕೊಂಡ ಸಿಲ್ವರ್ ಓಕ್ ಎಲೆಯ ಚೂರು ತೆಗೆಯಬೇಕು. ಪೆಟ್ರೋಲ್, ಥಿನ್ನರ್ ಹಾಕಿ ಒರೆಸುವ ಚಾಳಿ ಬೇಡ. ನೀರಿನಿಂದ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಆಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ಸಿಲಿಕೋನ್ ಗ್ರೀಸು ತೆಗೆದು ತೆಳುವಾಗಿ ಉಜ್ಜಬೇಕು. ಬೆರಳಿಟ್ಟರೆ ನಯ ಅನಿಸಬೇಕು, ಬೆರಳಿಗೆ ಅಂಟಬಾರದು. ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಮಳೆ ಕಳೆದು ಅಕ್ಟೋಬರ್, ನವೆಂಬರಿನಲ್ಲಿ ಇನ್ನೊಮ್ಮೆ ಮಾಡಿದರೆ ವರ್ಷಕ್ಕೆ ಸಾಕು.

ಎಷ್ಟೋ ಗಾಡಿಗಳಲ್ಲಿ ನೀರು ನಿಲ್ಲುವುದಕ್ಕೆ ಬೀಡಿಂಗ್ ಕಾರಣವೇ ಅಲ್ಲ. ಬಾಗಿಲಿನ ತಳದಲ್ಲಿ ನೀರು ಹೊರಹೋಗಲೆಂದು ಸಣ್ಣ ತೂತುಗಳಿರುತ್ತವೆ. ಮುಂದಿನ ಗಾಜಿನ ಕೆಳಗೂ ಅಂಥ ದಾರಿ ಇರುತ್ತದೆ. ಎಲೆ, ಕೆಸರು ಸೇರಿ ಅವು ಮುಚ್ಚಿದರೆ ನೀರು ಬೇರೆ ದಾರಿ ಹುಡುಕಿ ಒಳಗೆ ಬರುತ್ತದೆ. ಎಣ್ಣೆಯ ಡಬ್ಬ ಕೊಳ್ಳುವ ಮೊದಲು ಒಂದು ಕಡ್ಡಿಯಿಂದ ಈ ತೂತು ಬಿಡಿಸಿ ನೋಡಿದರೆ ಖರ್ಚೇ ಇಲ್ಲ.

ಬೀಡಿಂಗ್ ಹಿಡಿತ ಇದೆಯೋ ಇಲ್ಲವೋ ನೋಡಲು ಒಂದು ತುಂಡು ಕಾಗದ ಸಾಕು. ಕಾಗದವನ್ನು ಬಾಗಿಲಿನ ಸಂದಿಗೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರು ಕೂತುಬಿಟ್ಟಿದೆ, ಇಲ್ಲವೇ ಬಾಗಿಲು ಇಳಿದಿದೆ. ಹೀಗೆ ಚಪ್ಪಟೆಯಾದ, ಬಿರಿದ, ಹರಿದ ಬೀಡಿಂಗಿಗೆ ಯಾವ ಎಣ್ಣೆಯೂ ಜೀವ ಕೊಡದು. ಬದಲಿಸುವುದೊಂದೇ ದಾರಿ. ಕೀಲೆಣ್ಣೆ ಇರುವುದು ಒಳ್ಳೆಯದನ್ನು ಒಳ್ಳೆಯದಾಗಿ ಉಳಿಸಲು. ಸತ್ತದ್ದನ್ನು ಎಬ್ಬಿಸಲು ಅಲ್ಲ.

ಬಿಸಿಲೂ ರಬ್ಬರಿನ ಶತ್ರುವೇ. 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ಕೊಡವ ಕುಟುಂಬಗಳ ಹಾಕಿ ನಮ್ಮೆ ಇಲ್ಲಿ ನಡೆದಂಥ ದಿನಗಳಲ್ಲಿ ಬಯಲಿನಲ್ಲಿ ಇಡೀ ದಿನ ನಿಂತ ವಾಹನಗಳನ್ನು ನೆನಪಿಸಿಕೊಳ್ಳಿ. ಬಿಸಿಲಿನ ಕಿರಣ ಮತ್ತು ಗಾಳಿಯಲ್ಲಿರುವ ಓಜೋನ್ ಸೇರಿ ರಬ್ಬರಿನ ಮೇಲೆ ಕೂದಲೆಳೆಯ ಬಿರುಕು ಮೂಡಿಸುತ್ತವೆ. ಬೇಸಿಗೆಯಲ್ಲಿ ಬಿದ್ದ ಬಿರುಕನ್ನು ಮಳೆಗಾಲ ಪತ್ತೆ ಹಚ್ಚುತ್ತದೆ, ಅಷ್ಟೇ.

ಬ್ರೇಕಿನ ಮಾತು ಬೇರೆ

ಇಲ್ಲಿಯವರೆಗಿನ ಮಾತೆಲ್ಲ ಮ್ಯಾಟು ಒದ್ದೆಯಾಗುವ, ಕಿಸೆಗೆ ಕತ್ತರಿ ಬೀಳುವ ಮಾತು. ಬ್ರೇಕಿನ ರಬ್ಬರಿಗೆ ಬಂದರೆ ಜೀವದ ಮಾತು.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲು ನಾಲ್ಕೂ ಚಕ್ರದ ಕಡೆಗೆ ಒತ್ತಡ ಸಾಗಿಸುತ್ತದೆ. ಆ ಒತ್ತಡ ಸೋರದಂತೆ ಹಿಡಿಯುವುದು ಸಿಲಿಂಡರುಗಳೊಳಗಿನ ಪುಟ್ಟ ರಬ್ಬರ್ ಕಪ್ಪುಗಳು ಮತ್ತು ಸೀಲುಗಳು. ಬಾಯಿಮಾತಿನಲ್ಲಿ ‘ಬ್ರೇಕ್ ಆಯಿಲ್’ ಎಂದರೂ ಅದು ನಿಜವಾಗಿ ಎಣ್ಣೆಯಲ್ಲ. ಡಾಟ್ 3, ಡಾಟ್ 4 ಎಂದು ಬಾಟಲಿಯ ಮೇಲೆ ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ. ಹಳೆಯ ಕಾಲದಲ್ಲಿ ಹರಳೆಣ್ಣೆಯಿಂದಲೂ ಬ್ರೇಕ್ ದ್ರವ ಮಾಡುತ್ತಿದ್ದರು. ಏಕೆಂದರೆ ಹರಳೆಣ್ಣೆ ಆ ರಬ್ಬರನ್ನು ಕೆಡಿಸುತ್ತಿರಲಿಲ್ಲ.

‘ಆಯಿಲ್’ ಎಂಬ ಹೆಸರೇ ಎಡವಟ್ಟಿಗೆ ದಾರಿ. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಕೈಗೆ ಸಿಕ್ಕ ಇಂಜಿನ್ ಆಯಿಲನ್ನೋ ಸ್ಟೇರಿಂಗ್ ಆಯಿಲನ್ನೋ ಒಂದು ಮುಚ್ಚಳ ಹೊಯ್ದರೆ ಮುಗಿಯಿತು. ಟ್ಯೂಬಿನ ತುಂಡಿಗೆ ಲೋಟದಲ್ಲಿ ಆದದ್ದೇ ಬ್ರೇಕಿನ ಕಪ್ಪುಗಳಿಗೆ ಆಗುತ್ತದೆ. ಕಪ್ಪು ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಬ್ರೇಕು ಬಿಡುವುದಿಲ್ಲ, ಚಕ್ರ ಕಾಯುತ್ತದೆ. ಅಂಚು ಮೆತ್ತಗಾಗಿ ಒತ್ತಡ ಸೋರಿದರೆ ಪೆಡಲ್ಲು ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಕಕ್ಕಬೆ ಕಡೆಯ ಏರಿನಿಂದ ಜನ ತುಂಬಿಕೊಂಡು ಇಳಿಯುವ ಬಾಡಿಗೆ ಜೀಪಿನಲ್ಲಿ ಇದು ಆದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ತಪ್ಪಿ ಹೊಯ್ದದ್ದು ಗೊತ್ತಾದರೆ ಮೇಲಿನಿಂದ ಬಟ್ಟೆಯಲ್ಲಿ ಹೀರಿ ತೆಗೆದು ಹೊಸದು ತುಂಬಿಸಿದರೆ ಸಾಲದು. ಗಾಡಿ ಓಡಿಸಬಾರದು. ಪೈಪುಗಳನ್ನು ತೊಳೆದು ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ದ್ರವ ಸೋಕಿದ ಎಲ್ಲ ರಬ್ಬರನ್ನೂ ಬದಲಿಸಬೇಕು. ಖರ್ಚು ಹೆಚ್ಚೆಂದು ಒಂದೆರಡು ಕಪ್ಪು ಮಾತ್ರ ಬದಲಿಸುವುದು ಜೂಜು.

ಹಾಗೆಯೇ ಬ್ರೇಕ್ ಕಿಟ್ಟು ಕೂರಿಸುವಾಗ ಕಪ್ಪಿಗೆ ಮಾಮೂಲಿ ಗ್ರೀಸು ಸವರುವುದು ದೊಡ್ಡ ತಪ್ಪು. ಹೊಸ ಬ್ರೇಕ್ ದ್ರವದಲ್ಲೇ ಅದ್ದಿ ಕೂರಿಸಬೇಕು, ಇಲ್ಲವೇ ಕಿಟ್ಟಿನ ಜೊತೆ ಬರುವ ರಬ್ಬರ್ ಗ್ರೀಸನ್ನೇ ಬಳಸಬೇಕು. ಹರಳೆಣ್ಣೆಯ ಆಧಾರದ ಕೆಂಪು ಗ್ರೀಸು ಇದಕ್ಕೆಂದೇ ಪೇಟೆಯಲ್ಲಿ ಇದೆ. ಬಾಗಿಲಿಗೆ ತಂದ ಸಿಲಿಕೋನ್ ಸ್ಪ್ರೇ ಇಲ್ಲಿಗೆ ಬೇಡ.

ಮಳೆನಾಡಿಗೆ ಇನ್ನೂ ಒಂದು ಎಚ್ಚರ ಇದೆ. ಗ್ಲೈಕಾಲ್ ಜಾತಿಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದೆಂಬುದು ನಿಯಮ. ನಿಗದಿತ ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಉದ್ದ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಬಂದರೆ ದ್ರವ ಕಾದು ಕುದಿದು ಆವಿಗುಳ್ಳೆ ಏಳುತ್ತದೆ, ಪೆಡಲ್ಲು ಸ್ಪಂಜಿನಂತಾಗುತ್ತದೆ. ಆದ್ದರಿಂದ ಮುಚ್ಚಳ ತೆಗೆದು ವರ್ಷಗಟ್ಟಲೆ ಶೆಲ್ಫಿನಲ್ಲಿ ಇಟ್ಟ ಬಾಟಲಿ ಬಳಸಬಾರದು. ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ, ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ, ದ್ರವ ಬದಲಿಸಬೇಕು.

ಸಣ್ಣ ರಬ್ಬರು, ದೊಡ್ಡ ಪೆಟ್ಟು

ಒಂದು ರಬ್ಬರಿಗೆ ಇಷ್ಟೆಲ್ಲ ರಾಮಾಯಣವೇ ಎನ್ನುವವರು 1986ರ ಜನವರಿ 28ನ್ನು ನೆನೆಯಬಹುದು. ಅಂದು ಅಮೆರಿಕದ ಚಾಲೆಂಜರ್ ಎಂಬ ವ್ಯೋಮನೌಕೆ ಮೇಲೇರಿದ 73 ಸೆಕೆಂಡಿಗೆ ಸಿಡಿದು ಏಳು ಮಂದಿ ಸತ್ತರು. ವಿಚಾರಣೆಯಲ್ಲಿ ಸಿಕ್ಕಿಬಿದ್ದದ್ದು ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರಿನ ಬಳೆ. ಆ ಬೆಳಗಿನ ಕೊರೆಯುವ ಚಳಿಗೆ ರಬ್ಬರು ಗಟ್ಟಿಯಾಗಿ ಸಂದು ಮುಚ್ಚಲಿಲ್ಲ. ಬಿಸಿ ಅನಿಲ ಹೊರನುಗ್ಗಿತು. ರಿಚರ್ಡ್ ಫೈನ್‌ಮನ್ ಎಂಬ ವಿಜ್ಞಾನಿ ವಿಚಾರಣೆಯ ಮೇಜಿನ ಮೇಲೆಯೇ ಅಂಥ ರಬ್ಬರನ್ನು ಹಿಡಿಕೆಯಲ್ಲಿ ಒತ್ತಿ ಐಸ್ ನೀರಿನ ಲೋಟಕ್ಕೆ ಅದ್ದಿ ತೆಗೆದು, ಅದು ತಕ್ಷಣ ಮೊದಲಿನ ಆಕಾರಕ್ಕೆ ಮರಳದ್ದನ್ನು ಎಲ್ಲರಿಗೂ ತೋರಿಸಿದರು. ಕೋಟಿಗಟ್ಟಲೆಯ ನೌಕೆಗೂ ರಬ್ಬರಿನ ಗುಣ ತಪ್ಪಲಿಲ್ಲ.

ಬೀಡಿಂಗ್ ಗಟ್ಟಿಯಿದೆ ಎಂಬ ಧೈರ್ಯದಲ್ಲಿ ಹೊಳೆ ನೀರಿಗೆ ಗಾಡಿ ಇಳಿಸುವವರಿಗೂ ಒಂದು ಮಾತು. ಬಾಗಿಲಿನ ರಬ್ಬರು ಇರುವುದು ಮಳೆಯ ಹನಿಗೆ, ಪ್ರವಾಹಕ್ಕಲ್ಲ. ರಭಸವಾಗಿ ಹರಿಯುವ ಒಂದು ಅಡಿ ನೀರು ಸಣ್ಣ ಕಾರನ್ನು ತಳ್ಳಿಕೊಂಡು ಹೋಗಬಲ್ಲದು. ಚೆರಿಯಪರಂಬಿನಲ್ಲಿ ರಸ್ತೆ ಮುಳುಗಿದಾಗ ಕಾಯುವುದೋ ಸುತ್ತು ದಾರಿ ಹಿಡಿಯುವುದೋ ಜಾಣತನ. ನೀರಿನಲ್ಲಿ ನಿಂತು ಬಂದ ಗಾಡಿಯ ಬ್ರೇಕು, ಆಕ್ಸಲ್ ಬೂಟು, ಗೇರ್ ಆಯಿಲ್ ತೋರಿಸದೆ ಮುಂದಿನ ಬಾಡಿಗೆಗೆ ಹೊರಡಬಾರದು. ಹೊಸ ಕಾರುಗಳಲ್ಲಂತೂ ಸೀಟಿನ ಅಡಿ, ಮ್ಯಾಟಿನ ಅಡಿ ವಯರಿನ ಗಂಟುಗಳು ಓಡುತ್ತವೆ. ಅಲ್ಲಿ ತೇವ ನಿಂತರೆ ತಿಂಗಳು ಕಳೆದ ಮೇಲೆ ಇಲ್ಲದ ತಾಪತ್ರಯಗಳು ಏಳುತ್ತವೆ.

ಯಾರು ಹೇಳಬೇಕು?

ಡಬ್ಬದ ಮೇಲೆ ಎಲ್ಲ ಬರೆದಿರುತ್ತದೆ, ಓದಬಾರದೇ ಎನ್ನುವುದು ಸುಲಭ. ಯಾವ ಭಾಷೆಯಲ್ಲಿ? ಪೊಟ್ಟಣದ ಸರಕುಗಳ ಮೇಲೆ ಕಡ್ಡಾಯ ವಿವರಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೊಟ್ಟರೆ ಸಾಕೆಂದು 2011ರ ಕೇಂದ್ರದ ನಿಯಮ ಹೇಳುತ್ತದೆ. ಜೊತೆಗೆ ಕನ್ನಡವನ್ನೂ ಹಾಕಲು ಅಡ್ಡಿಯಿಲ್ಲ, ಹಾಕುವವರು ಕಡಿಮೆ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ಹುಡುಗ, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಪೆಟ್ರೋಲಿಯಂ ದ್ರಾವಕ’ ಹುಡುಕಿ ಓದಲಿ ಎಂದರೆ ಆಗುವ ಮಾತೇ?

ಕಂಪನಿ ಬರೆಯುವವರೆಗೆ ಕಾಯಬೇಕಾಗಿಲ್ಲ. ಸ್ಪೇರ್ ಅಂಗಡಿಯವರು ಎಣ್ಣೆಯ ಶೆಲ್ಫಿಗೆ ಮೂರು ಚೀಟಿ ಅಂಟಿಸಬಹುದು: ‘ಇಂಜಿನ್ನಿಗೆ’, ‘ಬ್ರೇಕಿಗೆ’, ‘ರಬ್ಬರಿಗೆ’. ಡ್ರೈವಿಂಗ್ ಶಾಲೆಯವರು ರಸ್ತೆ ಚಿಹ್ನೆ ಕಲಿಸುವ ಜೊತೆಗೆ ಬಾನೆಟ್ ಎತ್ತಿ ಬ್ರೇಕಿನ ಡಬ್ಬಿ ಯಾವುದು, ಅದಕ್ಕೆ ಏನು ಹೊಯ್ಯಬಾರದು ಎಂದು ಐದು ನಿಮಿಷ ತೋರಿಸಬಹುದು. ಎಸ್ಟೇಟಿನ ಸ್ಟೋರಿನಲ್ಲಿ ರೈಟರು ಬ್ರೇಕ್ ಬಾಟಲಿಗೆ ಕೆಂಪು ಬಟ್ಟೆ ಕಟ್ಟಿ ಬೇರೆ ಶೆಲ್ಫಿನಲ್ಲಿ ಇಡಿಸಬಹುದು. ಆಯುಧ ಪೂಜೆಗೆ ಗಾಡಿ ತೊಳೆದು ಮಾಲೆ ಹಾಕುವ ದಿನ ಬಾಗಿಲಿನ ರಬ್ಬರನ್ನೂ ಒಮ್ಮೆ ಒರೆಸಿ ನೋಡಿದರೆ ಎರಡನೇ ಸಲದ ಕೆಲಸವೂ ಸರಿಯಾದ ಹೊತ್ತಿಗೆ ಮುಗಿದಂತೆ.

ಗ್ರಾಹಕರ ಪಾಲಿಗೆ ಉಳಿಯುವುದು ಒಂದು ಪ್ರಶ್ನೆ. ಗ್ಯಾರೇಜಿನಲ್ಲಿ ಹುಡುಗ ಬಟ್ಟೆ ಅದ್ದಿಕೊಂಡು ಬಂದಾಗ “ಅಣ್ಣಾ, ಅದು ಯಾವ ಎಣ್ಣೆ?” ಎಂದು ಕೇಳಬೇಕು. ಬಾಗಿಲಿಗಾದರೆ ತಪ್ಪು ಉತ್ತರಕ್ಕೆ ಒಂದು ಬೀಡಿಂಗಿನ ದುಡ್ಡು ಹೋಗುತ್ತದೆ. ಬ್ರೇಕಿಗಾದರೆ, ಸರಿಯಾದ ಉತ್ತರ ಸಿಗುವವರೆಗೆ ಗಾಡಿ ಗ್ಯಾರೇಜಿನಿಂದ ಹೊರಗೆ ಬರಕೂಡದು.